ಪಶ್ಚಿಮದ ಗೋಡೆ ಮುಟ್ಟಿ ನೋಡಿ ಅಂದವರಿಗೆ

ಹೋದ ಭಾನುವಾರ ತುಮಕೂರಿನ ನಮ್ಮ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಏಪ್ರಿಲ್ ಬಿಸಿಲು. ಊಟ ಮುಗಿಸಿದ ನೆಂಟರು ನಡುಮನೆಯಲ್ಲೇ ಚಾಪೆ ಹಾಸಿ ಮಲಗಿಬಿಟ್ಟರು. ಹೊರಗೆ 37 ಡಿಗ್ರಿ, ಒಳಗೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ನಮ್ಮತ್ತೆ ನಿದ್ದೆಯಲ್ಲೇ ಸೆರಗು ಎಳೆದು ಹೊದ್ದುಕೊಂಡರು. ಹಳೇ ಬಾಡಿಗೆ ಮನೆಯಲ್ಲಿ ಇದೇ ತಿಂಗಳು, ಇದೇ ಹೊತ್ತಿಗೆ ಅವರು ಒದ್ದೆ ಟವೆಲ್ ಮೇಲೆ ಮಲಗುತ್ತಿದ್ದರು. ಆ ಸೆರಗು ನೋಡಿ ನನಗೆ ಅಳು ಬಂತು.

ಈ ಮನೆಗೆ ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷ ಕಟ್ಟುವವರನ್ನು ಹುಡುಕುವುದಕ್ಕೇ ಹೋಯಿತು. ಆಗ ಜೊತೆ ನಿಂತವರಿಗೆ ಎಲ್ಲರ ಎದುರು ನಮಸ್ಕಾರ ಹೇಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತು ನಲವತ್ತರ ಸೈಟು, ಪಶ್ಚಿಮಕ್ಕೆ ಮುಖ. ಎಸಿ ಇಲ್ಲದೆ ತಂಪಾಗಿರುವ ಮನೆ ಬೇಕು ಅನ್ನುವುದು ನಮ್ಮ ಆಸೆ. ಪ್ಯಾಸಿವ್ ಹೌಸ್ ಅನ್ನುವ ಮಾತನ್ನು ಮೊದಲು ಹೇಳಿದ್ದು ಜರ್ಮನಿಯಲ್ಲಿರುವ ನನ್ನ ತಮ್ಮ. ಅಲ್ಲಿನ ಡಾರ್ಮ್‌ಸ್ಟಾಟ್ ಊರಿನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಮನೆಗಳಿಂದ ಹಬ್ಬಿದ ಪದ್ಧತಿ ಅದು. ಒಂದು ಚದರ ಮೀಟರ್ ಜಾಗ ಬೆಚ್ಚಗಿಡಲು ವರ್ಷಕ್ಕೆ 15 ಯೂನಿಟ್ ದಾಟಬಾರದು ಅನ್ನುವುದು ಅಲ್ಲಿನ ಲೆಕ್ಕ. ಗೋಡೆಗೆ ದಪ್ಪ ಹೊದಿಕೆ, ಮೂರು ಪದರದ ಗಾಜು, ಗಾಳಿ ನುಸುಳದ ಕಿಟಕಿ. ಒಳಗಿನ ಬಿಸಿಯನ್ನು ಒಳಗೇ ಕಾಯುವ ಮನೆ. ನಮ್ಮ ಊರಿಗೆ ಬೇಕಾದ್ದು ಬಿಸಿಲನ್ನು ಹೊರಗೇ ನಿಲ್ಲಿಸಿ ಸಂಜೆ ಗಾಳಿಯನ್ನು ಒಳಗೆ ಕರೆಯುವ ಮನೆ, ಅಲ್ವಾ?

ನಾವು ಮೊದಲು ಒಪ್ಪಿಕೊಂಡ ಕಂಟ್ರಾಕ್ಟರು ಏನು ಕೇಳಿದರೂ "ಆಗುತ್ತೆ ಮೇಡಂ" ಅನ್ನುತ್ತಿದ್ದರು. ಮಣ್ಣಿನ ಬ್ಲಾಕು? ಆಗುತ್ತೆ. ಜರ್ಮನಿ ಥರ ಕಿಟಕಿ? ಅದೂ ಆಗುತ್ತೆ. ಅಡ್ವಾನ್ಸ್ ಕೊಟ್ಟೆವು. ಪಾಯ ತೆಗೆದರು. ಆಮೇಲೆ ಸೈಟಿಗೆ ಬಂದಿಳಿದದ್ದು ಮಾಮೂಲಿ ಸಿಮೆಂಟ್ ಬ್ಲಾಕು. ಕೇಳಿದ್ದಕ್ಕೆ ಜಗಳ, ಕೆಲಸ ನಿಂತಿತು, ಅರ್ಧ ದುಡ್ಡು ವಾಪಸ್ ಬರಲೇ ಇಲ್ಲ. ಆ ಮಳೆಗಾಲವೆಲ್ಲ ಪಾಯದ ಗುಂಡಿಯಲ್ಲಿ ಕಪ್ಪೆ ಕೂಗುತ್ತಿದ್ದವು.

ಆ ದಿನಗಳಲ್ಲೇ ಸಿದ್ಧಗಂಗೆ ಕಡೆ ಮಣ್ಣಿನ ಬ್ಲಾಕಿನ ಮನೆ ಕಟ್ಟಿಸಿಕೊಂಡ ಒಬ್ಬ ರಿಟೈರ್ಡ್ ಮೇಷ್ಟ್ರು ಸಿಕ್ಕರು. ಮೇಷ್ಟ್ರೇ, ನಿಮಗೆ ನನ್ನ ಮೊದಲ ನಮಸ್ಕಾರ. ಗುರುತಿಲ್ಲದ ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು ನೀವು ಹೇಳಿದ ಮಾತು ಇದು: "ನೋಡಮ್ಮ, ಫೋಟೋ ನೋಡಿ ಯಾರನ್ನೂ ಒಪ್ಕೋಬೇಡಿ. ಅವರು ಕಟ್ಟಿ ನಾಲ್ಕೈದು ವರ್ಷ ಆದ ಮನೆಗೆ ಬೇಸಿಗೇಲಿ ಸಂಜೆ ನಾಲ್ಕಕ್ಕೆ ಹೋಗಿ, ಪಶ್ಚಿಮದ ಗೋಡೇನ ಒಳಗಿಂದ ಮುಟ್ಟಿ ನೋಡಿ. ರಾತ್ರಿ ಒಂಬತ್ತಕ್ಕೆ ಇನ್ನೊಂದ್ ಸಲ ಹೋಗಿ ಮುಟ್ಟಿ."

ನಾಲ್ಕು ಮನೆ ನೋಡಿದೆವು. ಒಂದರಲ್ಲಿ ನಾಲ್ಕು ಗಂಟೆಗೆ ಗೋಡೆ ತಣ್ಣಗೇ ಇತ್ತು. ರಾತ್ರಿ ಒಂಬತ್ತಕ್ಕೆ ಜ್ವರ ಬಂದ ಮಗುವಿನ ಮೈ ಥರ ಬಿಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಗೋಡೆ ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ ಅಂತ ನನಗೆ ಅರ್ಥವಾಗಿದ್ದು ಅವತ್ತೇ. ಇನ್ನೊಂದು ಮನೆಯಲ್ಲಿ ಎರಡು ಹೊತ್ತೂ ಗೋಡೆ ಹೆಚ್ಚುಕಡಿಮೆ ಒಂದೇ ಥರ ಇತ್ತು. ಅದನ್ನು ಕಟ್ಟಿದವರೇ ನಮ್ಮ ಮೇಸ್ತ್ರಿ. ರಾತ್ರಿ ಒಂಬತ್ತಕ್ಕೆ ಬಾಗಿಲು ತೆಗೆದು, ಮಲಗುವ ಕೋಣೆಯವರೆಗೂ ಬಿಟ್ಟುಕೊಂಡ ಆ ನಾಲ್ಕೂ ಮನೆಯವರ ಋಣ ದೊಡ್ಡದು.

ಮೇಸ್ತ್ರಿ ಸೈಟಿಗೆ ಬಂದವರು ರೇಟಿನ ಮಾತೇ ಎತ್ತಲಿಲ್ಲ. ಹಾರ್ಲಿಕ್ಸ್ ಬಾಟಲಿಗೆ ಒಂದು ಹಿಡಿ ನಮ್ಮ ಕೆಮ್ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕಲ್ಲಿನ ಮೇಲಿಟ್ಟರು. ನೋಡನೋಡುತ್ತಲೇ ಮರಳು ತಳಕ್ಕಿಳಿಯಿತು. ಮರುದಿನ ಬಂದು, ಅದರ ಮೇಲೆ ಕೂತ ಜೇಡಿಯ ಪದರಕ್ಕೆ ಬೆರಳಿಟ್ಟು ಅಳೆದರು. "ಜೇಡಿ ಜಾಸ್ತಿ ಐತಮ್ಮ. ಕಲ್ಲುಪುಡಿ ಬೆರೆಸಿದ್ರೆ ಬ್ಲಾಕಿಗೆ ಆಗುತ್ತೆ." ನೂರು ಪಾಲಿಗೆ ಏಳು ಪಾಲು ಸಿಮೆಂಟು ಸೇರಿಸಿ, ಕೈ ಮೆಷಿನ್ನಿನಲ್ಲಿ ಒತ್ತಿಸಿದರು. ಚೆನ್ನಾಗಿ ಕ್ಯೂರಿಂಗ್ ಆದ ಮೊದಲ ಬ್ಲಾಕನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ನನ್ನ ಕೈಗೇ ಕೊಟ್ಟರು. ಅಂಚು ಕೂಡ ಕರಗಿರಲಿಲ್ಲ.

ಮಣ್ಣಿನ ಬ್ಲಾಕಿನ ಈ ವಿದ್ಯೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಇಂಥ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ದುಡಿಯಿತು. ಅವರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲೂಕಿನ ಉಂಗ್ರದಲ್ಲಿ. ಆ ವಿಜ್ಞಾನಿಗಳನ್ನೂ ಇಲ್ಲಿ ನೆನೆಯುತ್ತೇನೆ.

ಮೇಸ್ತ್ರಿಯ ಮೇಲೆ ಪೂರ್ತಿ ನಂಬಿಕೆ ಬಂದಿದ್ದು ಅವರು "ಬೇಡ" ಅಂದ ದಿನ. ನಾಲ್ಕೂ ಗೋಡೆ ಮಣ್ಣಿನದೇ ಇರಲಿ ಅಂತ ನಾನು ಹಟ ಹಿಡಿದಿದ್ದೆ. "ಪಶ್ಚಿಮಕ್ಕೆ ಬೇಡಮ್ಮ, ರಾತ್ರಿ ಬಿಸಿ ಬಿಡ್ತದೆ" ಅಂದರು. ಅಲ್ಲಿ ಸುಟ್ಟ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಮೂರು ಇಂಚು ಟೊಳ್ಳು ಬಿಟ್ಟು ಕಟ್ಟಿದರು. ಇದು ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ಕಟ್ಟು. ಇಟ್ಟಿಗೆಯೂ ಸುಮಾರು ಕಾಲು ಭಾಗ ಉಳಿಯುತ್ತದೆ. ಮೆಟ್ಟಿಲು, ಬಚ್ಚಲು, ಸ್ಟೋರು ಎಲ್ಲ ಆ ಕಡೆಗೇ ಹೋದವು. ಮಲಗುವ ಕೋಣೆ ಪೂರ್ವಕ್ಕೆ ಬಂತು.

ಮೋಲ್ಡಿನ, ಅಂದರೆ ತಾರಸಿಯ ವಿಷಯದಲ್ಲೂ ಅವರ ಮಾತೇ ಸರಿಯಾಯಿತು. ನಮ್ಮ ಕಡೆ ಏಪ್ರಿಲ್ ಕೊನೇ ವಾರ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಒಂದು ದಿನ ನಡುಹಗಲಿಗೆ ನೆಟ್ಟ ಕಂಬದ ನೆರಳೇ ಕಾಣುವುದಿಲ್ಲ. ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಬಿಸಿಲು ಜಾಸ್ತಿ ತಿನ್ನುವುದು ಗೋಡೆಗಿಂತ ತಾರಸಿ. ಸೆಂಟ್ರಿಂಗ್ ಮೇಲೆ ಕಂಬಿಯ ಚೌಕಗಳ ನಡುವೆ ಮಂಗಳೂರು ಹೆಂಚನ್ನು ಎರಡೆರಡು ಜೋಡಿಸಿ, ಮೇಲೆ ಕಾಂಕ್ರೀಟು ಹಾಕಿದರು. ಜೋಡಿ ಹೆಂಚಿನ ನಡುವಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿದ್ದೇವೆ.

ಬ್ಲಾಕುಗಳಿಗೆ ಗೋಣಿಚೀಲ ಹೊದಿಸಿ 21 ದಿನ ಬಿಡದೆ ನೀರು ಹಾಕಿದ ಇಬ್ಬರು ಅಕ್ಕಂದಿರನ್ನು ಮರೆತರೆ ಈ ಬರಹ ಸುಳ್ಳಾಗುತ್ತದೆ. ಯುಗಾದಿಯ ದಿನವೂ ಅವರು ಬಂದರು. ಗೋಡೆ ಒಂದಿಷ್ಟೂ ಕೆತ್ತದೆ ಟೊಳ್ಳಿನೊಳಗೇ ಪೈಪು ಎಳೆದ ಎಲೆಕ್ಟ್ರಿಷಿಯನ್ ಹುಡುಗನಿಗೆ, ಮಣ್ಣಿನ ಮನೆಗೆ ಸಾಲ ಸಿಗುತ್ತೋ ಇಲ್ಲವೋ ಅಂತ ಹೆದರಿದ್ದಾಗ ಸೈಟಿಗೇ ಬಂದು ಬ್ಲಾಕು ನೋಡಿ ಸಹಿ ಹಾಕಿದ ಬ್ಯಾಂಕಿನವರಿಗೆ ತುಂಬು ಮನಸ್ಸಿನ ಥ್ಯಾಂಕ್ಸ್.

ಬೇಸಿಗೆ ಮುಗಿಯಲು ಇನ್ನೂ ಒಂದು ತಿಂಗಳಿದೆ. ಆಸುಪಾಸಿನಲ್ಲಿ ಮನೆ ಕಟ್ಟಿಸುವವರಿದ್ದರೆ ಸಂಜೆ ನಾಲ್ಕಕ್ಕೆ ಬನ್ನಿ, ರಾತ್ರಿ ಒಂಬತ್ತಕ್ಕೂ ಬನ್ನಿ. ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಒಂದು ಇಟ್ಟಿಗೆಯ ಜಾಗ ತೆರೆದೇ ಬಿಡಿಸಿದ್ದೇವೆ. ಟೊಳ್ಳಿನೊಳಗೆ ಕೈ ಹಾಕಿ ನೋಡಬಹುದು.