ಬಿಳಿ ಮಚ್ಚೆ ಕಂಡವರಿಗೆ ತಾಲ್ಲೂಕಿನಲ್ಲೇ ಚರ್ಮದ ಡಾಕ್ಟರ್ ಸಿಗಲಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಮೈಮೇಲೆ ಬರುವ ಬಿಳಿ ಮಚ್ಚೆಗಳ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ನಾಲೆ ನೀರು, ಕಬ್ಬಿನ ಬಾಕಿ, ರಸ್ತೆ ಗುಂಡಿ ಅಂತ ನಿಮ್ಮ ಮೇಜಿನ ಮೇಲೆ ಅರ್ಜಿಗಳ ರಾಶಿಯೇ ಇರುತ್ತದೆ. ಅದರ ನಡುವೆ ಇದೇನು ಅಂತ ದಯವಿಟ್ಟು ಪಕ್ಕಕ್ಕೆ ಇಡಬೇಡಿ. ನಿಶ್ಚಯವಾದ ಮದುವೆ ಈ ಮಚ್ಚೆಯಿಂದ ನಿಂತದ್ದನ್ನು ನಾನು ನೋಡಿದ್ದೇನೆ. ಮಕ್ಕಳು ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದು ಕೂರುವುದನ್ನು ಈಗಲೂ ನೋಡುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಚರ್ಮದ ಡಾಕ್ಟರ್ ಸಿಗಬೇಕು. ಆ ದಿನ ಯಾವುದು ಅಂತ ಊರಿನವರಿಗೆಲ್ಲ ಗೊತ್ತಿರಬೇಕು.

ನಮ್ಮ ಕಡೆ ಮಚ್ಚೆ ಕಂಡ ಕೂಡಲೇ ಜನರ ಮನಸ್ಸಿಗೆ ಬರುವುದು ಎರಡೇ ಕಾಯಿಲೆ. ಒಂದು ತೊನ್ನು, ಇನ್ನೊಂದು ಕುಷ್ಠ. ಎರಡಕ್ಕೂ ಹೆದರುತ್ತಾರೆ. ಹೆದರಿ ಮುಚ್ಚಿಡುತ್ತಾರೆ. ಆದರೆ ನಾವು ದಿನಾ ನೋಡುವ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಇವೆರಡೂ ಅಲ್ಲ.

ನಮ್ಮ ಶಾಲೆಯದೇ ಉದಾಹರಣೆ ಹೇಳುತ್ತೇನೆ. ಕೆನ್ನೆ ಮೇಲೆ ಮಸುಕಾದ ಬಿಳಿ ಕಲೆ ಇರುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ತಾಯಂದಿರನ್ನು ಕೇಳಿದರೆ, "ಹೊಟ್ಟೇಲಿ ಹುಳ ಆಗವೆ ಮೇಡಂ, ಅದ್ಕೇ ಮಕ ಹಂಗಾಗದೆ" ಅನ್ನುತ್ತಾರೆ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳು ನುಂಗಲೇಬೇಕು, ಅದರ ಲಾಭ ಬೇರೆ. ಈ ಕಲೆಗೂ ಹುಳಕ್ಕೂ ಸಂಬಂಧವಿಲ್ಲ. ಸುಣ್ಣದ ಅಂಶ ಕಮ್ಮಿಯಾದದ್ದಕ್ಕೂ ಅಲ್ಲ. ಸಾಮಾನ್ಯವಾಗಿ ಅದು ಪಿಟಿರಿಯಾಸಿಸ್ ಆಲ್ಬಾ, ಅಂದರೆ ಒಣ ಚರ್ಮದಲ್ಲಿ ಬರುವ ಸಣ್ಣ ಮಟ್ಟದ ಇಸುಬು (ಎಸ್ಜಿಮಾ). ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾದಾಗ ಕಲೆ ಇನ್ನೂ ಎದ್ದು ಕಾಣುತ್ತದೆ. ಚರ್ಮ ಒಣಗದಂತೆ ದಿನಾ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿನಿಂದ ಮುಖ ಕಾಪಾಡಿಕೊಂಡರೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಕೆಲವರಿಗೆ ಮಾತ್ರ ಡಾಕ್ಟರ್ ಸೌಮ್ಯವಾದ ಮುಲಾಮನ್ನು ಕೆಲವು ದಿನಕ್ಕೆ ಕೊಡಬಹುದು.

ಇನ್ನು ಸಿಬ್ಬು. ಕಬ್ಬು ಕಡಿಯುವವರು, ಗಾರೆ ಕೆಲಸದವರು, ಆಟ ಆಡುವ ಹುಡುಗರು, ಬೆವರು ಸುರಿಸುವ ಯಾರಿಗೆ ಬೇಕಾದರೂ ಬರುತ್ತದೆ. ಕತ್ತು, ಎದೆ, ಬೆನ್ನು, ತೋಳಿನ ಮೇಲೆ ಜಾಸ್ತಿ. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಮಲಸೇಜಿಯಾ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದು ಎಲ್ಲರ ಚರ್ಮದ ಮೇಲೂ ಇರುತ್ತದೆ, ಸೆಕೆ ಮತ್ತು ಬೆವರಿಗೆ ಕೆಲವರಲ್ಲಿ ಹೆಚ್ಚುತ್ತದೆ. ಇನ್ನೊಬ್ಬರನ್ನು ಮುಟ್ಟಿದ್ದರಿಂದ ಬಂದದ್ದಲ್ಲ. ಕೀಟೋಕೊನಜೋಲ್ ಶಾಂಪೂವನ್ನು ಮೈಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ, ಇಲ್ಲವೇ ಕ್ಲೋಟ್ರಿಮಜೋಲ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಶಿಲೀಂಧ್ರ ತಗ್ಗುತ್ತದೆ. ಆದರೆ ಚರ್ಮದ ಬಣ್ಣ ಮರಳಲು ತಿಂಗಳುಗಳೇ ಬೇಕು. ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಔಷಧಿ ಹಿಡಿಯಲಿಲ್ಲ ಅಂದುಕೊಂಡು ಜನ ಇನ್ನೊಂದು ಟ್ಯೂಬು ಕೊಳ್ಳುತ್ತಾರೆ, ಆಮೇಲೆ ಮತ್ತೊಂದು.

ತೊಂದರೆ ಶುರುವಾಗುವುದೇ ಆ ಟ್ಯೂಬಿನಿಂದ. ನಮ್ಮ ಶಾಲೆಯ ಒಬ್ಬ ಹುಡುಗನಿಗೆ ಕತ್ತಿನ ಮೇಲೆ ಸಿಬ್ಬು ಇತ್ತು. ಮನೆಯವರು ಮೊಬೈಲಿನಲ್ಲಿ ಫೋಟೋ ತೆಗೆದು ಔಷಧಿ ಅಂಗಡಿಯಲ್ಲಿ ತೋರಿಸಿದರು. ಚೀಟಿ ಕೇಳದೆ ಒಂದು ಮುಲಾಮು ಕೊಟ್ಟರು. ಅದರಲ್ಲಿ ಜೋರಾದ ಸ್ಟೆರಾಯ್ಡ್ ಇತ್ತು. ವಾರದಲ್ಲಿ ಕಮ್ಮಿಯಾದ ಹಾಗೆ ಕಂಡಿತು. ನಿಲ್ಲಿಸಿದ ಮೇಲೆ ಬೆನ್ನಿಗೂ ಹರಡಿತು. ಬಹಳ ದಿನ ಹಚ್ಚಿದರೆ ಇಂಥ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ, ಹಚ್ಚಿದ ಜಾಗವನ್ನೇ ಬಿಳಿಚಿಸುತ್ತದೆ. ಮಚ್ಚೆ ಹೋಗಲಿ ಅಂತ ಹಚ್ಚಿದ್ದೇ ಮಚ್ಚೆ ತಂದರೆ ಆ ಮನೆಯವರು ಏನು ಮಾಡಬೇಕು? 2018ರಲ್ಲೇ ಕೇಂದ್ರ ಸರ್ಕಾರ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಅಡಿಗೆ ತಂದಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಈ ನಿಯಮ ನಮ್ಮ ಹೋಬಳಿಗಳಲ್ಲಿ ನಡೆಯುತ್ತಿದೆಯಾ ಅಂತ ಔಷಧ ನಿಯಂತ್ರಣ ಅಧಿಕಾರಿಗಳಿಂದ ವಿಚಾರಿಸಿ.

ತೊನ್ನಿನ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡುವುದರಿಂದ ತೊನ್ನು ಬರುತ್ತದೆ. ಅದು ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ಸಂಸಾರ ಮಾಡಿದರೂ ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದು ನಿಜವಲ್ಲ. ಮೊಸರು, ನಿಂಬೆಹಣ್ಣು ಬಿಡಿಸಿ ಪ್ರಯೋಜನವೂ ಇಲ್ಲ. ಕೆಲವರಿಗೆ ಜೊತೆಗೆ ಥೈರಾಯ್ಡ್ ತೊಂದರೆ ಇರುವುದುಂಟು, ಅದಕ್ಕೊಂದು ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಹೆಂಗಸರ ವಿಷಯದಲ್ಲಿ ಇನ್ನೊಂದು ಕಾರಣವನ್ನು ಹೇಳಲೇಬೇಕು. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳು ಹಣೆಯಲ್ಲಿ, ಬೊಟ್ಟು ಇಡುವ ಜಾಗದಲ್ಲೇ ಬಿಳಿ ಕಲೆ ಉಂಟುಮಾಡಬಲ್ಲವು. ರಬ್ಬರ್ ಚಪ್ಪಲಿಯ ಪಟ್ಟಿ ತಾಗುವ ಕಡೆಯೂ ಹೀಗಾಗುತ್ತದೆ. ಅಂಥವರು ಮೊದಲು ಆ ಬೊಟ್ಟು, ಆ ಚಪ್ಪಲಿ ಬಿಡಬೇಕು. ಆಲೆಮನೆಯಲ್ಲಿ ಬಿಸಿ ಪಾಕ ಸಿಡಿದು ಸುಟ್ಟವರಿಗೂ ಗಾಯ ಮಾಯ್ದ ಮೇಲೆ ಬಿಳಿ ಕಲೆ ಉಳಿಯಬಹುದು. ಅವರನ್ನೂ ತೊನ್ನಿನವರು ಅಂತ ಕರೆದುಬಿಡುತ್ತಾರೆ.

ತೊನ್ನಿಗೆ ಚಿಕಿತ್ಸೆಯೇ ಇಲ್ಲ ಅನ್ನುವುದು ತಪ್ಪು. ಎಲ್ಲರಿಗೂ ಪೂರ್ತಿ ಬಣ್ಣ ಮರಳುತ್ತದೆ ಅಂತ ಹೇಳಲಾಗದು, ಆದರೆ ಬಹಳ ಜನರಿಗೆ ಒಳ್ಳೆಯ ಫಲ ಸಿಗುತ್ತದೆ. ಮುಖದ ಕಲೆ ಚಿಕಿತ್ಸೆಗೆ ಬೇಗ ಬಗ್ಗುತ್ತದೆ, ಬೆರಳ ತುದಿ ಮತ್ತು ಪಾದದ್ದು ಕಷ್ಟ. ಡಾಕ್ಟರ್ ಅಳೆದು ಕೊಡುವ ಸ್ಟೆರಾಯ್ಡ್ ಮುಲಾಮು, ಟ್ಯಾಕ್ರೋಲಿಮಸ್ ಮುಲಾಮು, ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಇವೆ. ಕಲೆ ಹರಡುವುದು ನಿಂತು ಸುಮಾರು ಒಂದು ವರ್ಷ ಕಳೆದಿದ್ದರೆ ಚರ್ಮ ಕಸಿಯನ್ನೂ ಮಾಡುತ್ತಾರೆ. ನಮ್ಮಲ್ಲಿ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರುವವರಿದ್ದಾರೆ. ಆ ಬೀಜದಲ್ಲಿರುವ ಸೋರಲೆನ್ ಬೆಳಕಿನೊಡನೆ ಕೆಲಸ ಮಾಡುವುದು ನಿಜ. ಆದರೆ ಅಳತೆಯಿಲ್ಲದೆ ಹಚ್ಚಿ ಕೂತರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಬೆಳಕಿನ ಚಿಕಿತ್ಸೆಯನ್ನು ವಾರಕ್ಕೆ ಎರಡು ಮೂರು ಸಲ, ಆರು ತಿಂಗಳೋ ಅದಕ್ಕೂ ಹೆಚ್ಚೋ ತೆಗೆದುಕೊಳ್ಳಬೇಕು. ಹಲಗೂರಿನಿಂದಾಚೆಯ ಒಂದು ಹಳ್ಳಿಯ ಕೂಲಿಯವಳು ವಾರಕ್ಕೆರಡು ಸಲ ಮಂಡ್ಯಕ್ಕೋ ಮೈಸೂರಿಗೋ ಹೇಗೆ ಹೋಗುತ್ತಾಳೆ? ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡದೆ ಹೋಗಬಹುದು, ಆ ದಿನದ ಕೂಲಿ ಕೊಡುವವರು ಯಾರು? ಹಾಗಾಗಿ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೈಕಾಲು, ಮುಖಕ್ಕೆ ಬೆಳಕು ಕೊಡುವ ಚಿಕ್ಕ ಯಂತ್ರವಾದರೂ ಇರಲಿ.

ಕುಷ್ಠದ ವಿಷಯದಲ್ಲಿ ಮಾತ್ರ ಕಾಯುವ ಹಾಗಿಲ್ಲ. 2005ರ ಕೊನೆಗೆ ದೇಶ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳ ಗುರಿ ಮುಟ್ಟಿತು. ಕುಷ್ಠ ಹೋಯಿತು ಅಂತ ಜನ ಅಂದುಕೊಂಡರು. ಆದರೆ ಈಗಲೂ ಹೊಸಬರಲ್ಲಿ ಅದು ಪತ್ತೆಯಾಗುತ್ತಲೇ ಇದೆ. ಇದರ ಮಚ್ಚೆ ತೊನ್ನಿನಷ್ಟು ಅಚ್ಚ ಬಿಳಿ ಇರುವುದಿಲ್ಲ. ಮಾಸಲು ಬಿಳಿ ಅಥವಾ ಕೆಂಪಗೆ ಇರುತ್ತದೆ, ಕೆರೆತ ಇರುವುದಿಲ್ಲ. ಅಲ್ಲಿ ಮುಟ್ಟಿದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಮುಟ್ಟಿಸಿ ನೋಡುವ ಪರೀಕ್ಷೆಯನ್ನು ಆಶಾ ಅಕ್ಕಂದಿರೂ ಮಾಡಬಲ್ಲರು. ಸ್ಪರ್ಶ ಇಲ್ಲ ಅಂದರೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಐದು ಅಥವಾ ಅದಕ್ಕಿಂತ ಕಮ್ಮಿ ಮಚ್ಚೆ ಇದ್ದವರಿಗೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದವರಿಗೆ 12 ತಿಂಗಳು. ಔಷಧಿ ಶುರುವಾದ ಮೇಲೆ ಬೇಗನೇ ಅವರಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ತಡ ಮಾಡಿದರೆ ನರಕ್ಕೆ ಪೆಟ್ಟು ಬಿದ್ದು ಬೆರಳು ಮಡಚಿಕೊಳ್ಳುತ್ತವೆ, ಆಮೇಲೆ ಮಾತ್ರೆ ನುಂಗಿದರೂ ಅವು ನೆಟ್ಟಗಾಗುವುದು ಕಷ್ಟ. ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ಅವಕಾಶವನ್ನು 2019ರಲ್ಲಿ ಸಂಸತ್ತು ಕಾನೂನಿನಿಂದಲೇ ತೆಗೆದುಹಾಕಿದೆ. ಇದನ್ನು ಗ್ರಾಮಸಭೆಗಳಲ್ಲಿ ಓದಿ ಹೇಳಿಸಿ.

ಫೋನಿನಲ್ಲಿ ಡಾಕ್ಟರ್ ನೋಡುವ ವ್ಯವಸ್ಥೆ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅದು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಫೋಟೋದಲ್ಲಿ ಸ್ಪರ್ಶ ಪರೀಕ್ಷೆ ಆಗುವುದಿಲ್ಲ, ಹೊಟ್ಟು ಕೆರೆದು ನೋಡುವುದಕ್ಕೂ ಆಗುವುದಿಲ್ಲ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್ ಇದೆ. ಅಲ್ಲಿನ ಚರ್ಮರೋಗ ವಿಭಾಗದವರು ಸರದಿ ಮೇಲೆ ತಾಲ್ಲೂಕುಗಳಿಗೆ ಬರುವಂತೆ ಮಾಡಲು ಸಾಧ್ಯವಾ ಅಂತ ನೋಡಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಚ್ಚೆ ಇರುವ ಮಕ್ಕಳ ಹೆಸರು ಬರೆದುಕೊಂಡು ಚರ್ಮದ ಡಾಕ್ಟರ್ ಬರುವ ದಿನಕ್ಕೆ ಕಳಿಸಬಹುದು. ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು ಮಾತ್ರ ಬೇಡ.

ದಿನ ಗೊತ್ತು ಮಾಡುವಾಗ ಆಯಾ ಊರಿನ ಸಂತೆಯ ದಿನವನ್ನೇ ಇಡಿ. ಜನ ಹೇಗೂ ಪೇಟೆಗೆ ಬಂದಿರುತ್ತಾರೆ, ಬೇರೆ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ ಸಂತೆಗೆ ಅಂತ ಹೇಳಬಹುದು. ಬೋರ್ಡಿನ ಮೇಲೆ ತೊನ್ನು, ಕುಷ್ಠ ಅಂತ ಬರೆಸಬೇಡಿ. "ಚರ್ಮ ತಪಾಸಣೆ" ಅಂತ ಬರೆದರೆ ಸಾಕು, ಸಿಬ್ಬಿನವರೂ ಬರುತ್ತಾರೆ, ತುರಿಕಜ್ಜಿಯವರೂ ಬರುತ್ತಾರೆ, ಅವರ ಜೊತೆಯಲ್ಲೇ ಉಳಿದವರೂ ಬಂದು ಕೂರುತ್ತಾರೆ. ಮಳವಳ್ಳಿಯಿಂದಲೇ ಶುರು ಮಾಡುವುದಾದರೆ ನಮ್ಮ ಶಾಲೆಯ ಪೋಷಕರಿಗೆ ತಿಳಿಸುವ, ಮಕ್ಕಳನ್ನು ಕರೆತರುವ ಕೆಲಸ ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಶಾಲಾ ಶಿಕ್ಷಕಿ
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ