ಆಗ್ರಾಕ್ಕೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮಕ್ಕಳನ್ನು ಕರೆದುಕೊಂಡು ಆಗ್ರಾಕ್ಕೆ ಹೊರಟಿದ್ದೀಯ ಅಂತ ತಿಳಿದು ಖುಷಿಯಾಯ್ತು. ತಾಜ್, ಕೋಟೆ ಹೇಗೂ ನೋಡ್ತೀಯ. ಒಂದು ಮಧ್ಯಾಹ್ನ ಮಾತ್ರ ನದಿಯಾಚೆಗೆ ಅಂತ ಎತ್ತಿಡು. ಇತ್ಮಾದ್-ಉದ್-ದೌಲಾ ಸಮಾಧಿ ದಾಟಿ ಉತ್ತರಕ್ಕೆ ಸುಮಾರು ಒಂದು ಕಿಲೋಮೀಟರ್ ಹೋದರೆ ಯಮುನೆಯ ದಂಡೆಯಲ್ಲೇ ಚೀನಿ ಕಾ ರೌಝಾ ಇದೆ. ಷಹಜಹಾನನ ವಜೀರ ಅಫ್ಜಲ್ ಖಾನ್ ಶಿರಾಜಿ ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡ ಗೋರಿ. 1639ರಲ್ಲಿ ಲಾಹೋರಿನಲ್ಲಿ ತೀರಿಕೊಂಡವನನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ತಾಜ್ ಮಹಲಿನ ಗೋಡೆಗಳ ಮೇಲೆ ಕುರಾನಿನ ಸಾಲುಗಳನ್ನು ಬರೆದ ಅಮಾನತ್ ಖಾನ್ ಇವನ ಒಡಹುಟ್ಟು.

ಆಗ್ರಾ ಅಂದರೆ ಕೆಂಪುಕಲ್ಲು, ಅಮೃತಶಿಲೆ. ಈ ಗೋರಿ ಮಾತ್ರ ಇಟ್ಟಿಗೆ-ಗಾರೆಯದು. ಅದರ ಹೊರಮೈಗೆ ನೀಲಿ, ಹಸಿರು, ಹಳದಿ, ಕಿತ್ತಳೆ ಬಣ್ಣದ ಮೆರುಗಿನ ಬಿಲ್ಲೆಗಳು, ಅಂದರೆ ಟೈಲ್‌ಗಳು. ಎದುರಿಗೆ ಎತ್ತರದ ಕಮಾನು, ಒಳಗೆ ಎಂಟು ಮೂಲೆಯ ಕೋಣೆ, ಚಾವಣಿಯಲ್ಲಿ ಬಣ್ಣದ ಚಿತ್ತಾರ. ನೀನು ಹೊರಗಿನ ಗೋಡೆಯ ಹತ್ತಿರವೇ ಹೆಚ್ಚು ಹೊತ್ತು ನಿಲ್ಲು. ಅಲ್ಲಿನ ಹೂಬಳ್ಳಿಗಳು ಕುಂಚದಲ್ಲಿ ಬರೆದವಲ್ಲ, ಕತ್ತರಿಸಿ ಜೋಡಿಸಿದವು. ಒಂದೊಂದು ಬಣ್ಣದ ಮೆರುಗಿಗೂ ಅದರದ್ದೇ ಉರಿಯ ಹದ ಬೇಕು. ಹಾಗಾಗಿ ಒಂದು ಬಿಲ್ಲೆಗೆ ಒಂದೇ ಬಣ್ಣ ಕೊಟ್ಟು ಸುಡುತ್ತಿದ್ದರು. ಆಮೇಲೆ ಎಸಳು, ಎಲೆ, ತೊಟ್ಟು ಅಂತ ಬೇಕಾದ ಆಕಾರಕ್ಕೆ ಕಡಿದು, ಅಂಚು ಉಜ್ಜಿ, ಸಂದು ಕಾಣದಂತೆ ಗಾರೆಯಲ್ಲಿ ಕೂರಿಸುವುದು. ಕೆಲವು ತುಂಡುಗಳು ಕಿರುಬೆರಳಿನ ಉಗುರಿನಷ್ಟೇ ಇವೆ! ಎಷ್ಟು ಕೈಗಳ ದುಡಿಮೆ ಅದು ಅಂತ ಯೋಚಿಸಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಬೀದರ್‌ನಲ್ಲಿ ನಾವಿಬ್ಬರೂ ನೋಡಿದ್ದೆವಲ್ಲ, 1472ರ ಮಹಮೂದ್ ಗವಾನ್ ಮದರಸಾ, ಉಳಿದಿರುವ ಆ ಒಂದು ಮಿನಾರಿನ ಮೇಲೆ ಬಿಲ್ಲೆಗಳ ಅಂಕುಡೊಂಕು ಪಟ್ಟೆಗಳು? ಆಗ್ರಾದ ಈ ಬಿಲ್ಲೆ ಕೆಲಸದ ಹಾಗೆ ಅದೂ ಇರಾನಿನಿಂದ ಬಂದ ಕಸುಬೇ. ಅಫ್ಜಲ್ ಖಾನನ ಹಾಗೆ ಗವಾನನೂ ಇರಾನಿನವನು, ಅವನೂ ಮಂತ್ರಿ. ಎರಡನ್ನೂ ನೋಡಿದವರಿಗೆ ಆ ನಂಟು ತಾನಾಗಿಯೇ ಹೊಳೆಯುತ್ತದೆ.

ಬಿಲ್ಲೆಗಳು ಬಹಳಷ್ಟು ಉದುರಿಹೋಗಿವೆ, ಗುಮ್ಮಟವಂತೂ ಬೋಳು. ಹೊಟ್ಟೆ ಉರಿಯುತ್ತದೆ ನೋಡಿದರೆ. ಗಾರೆಗೆ ನೀರಿಳಿದರೆ ತುಂಡುಗಳ ಹಿಡಿತ ಸಡಿಲವಾಗುತ್ತದೆ, ಒಂದು ಬಿದ್ದರೆ ಪಕ್ಕದ್ದಕ್ಕೂ ಆಸರೆ ಇಲ್ಲ. ಆದರೆ ಆ ಬೋಳು ಜಾಗಗಳನ್ನು ದಾಟಿ ಹೋಗಬೇಡ. ಇಟ್ಟಿಗೆ, ಅದರ ಮೇಲೆ ದಪ್ಪ ಗಾರೆ, ಅದರಲ್ಲಿ ಬಿಲ್ಲೆ, ಹೀಗೆ ಪದರಪದರವಾಗಿ ಕಟ್ಟಿದ ರೀತಿ ಅಲ್ಲೇ ಚೆನ್ನಾಗಿ ಕಾಣುವುದು. ಅಷ್ಟು ಬಿಡಿಸಿ ಯಾವ ಗೈಡೂ ಹೇಳುವುದಿಲ್ಲ.

ಮಧ್ಯಾಹ್ನ ಅಂದದ್ದು ಯಾಕೆಂದರೆ ನದಿ ಕಡೆಯ ಗೋಡೆಗೆ ಇಳಿಬಿಸಿಲು ಬೀಳುತ್ತದೆ, ಮೆರುಗು ಎದ್ದು ಕಾಣುತ್ತದೆ. ಮಕ್ಕಳಿಗೆ ಒಂದು ಹೂವಿನಲ್ಲಿ ಎಷ್ಟು ತುಂಡುಗಳಿವೆ ಅಂತ ಎಣಿಸಲು ಹೇಳು, ಮುಟ್ಟಲು ಮಾತ್ರ ಬಿಡಬೇಡ. ಹತ್ತಿರದಿಂದ ತೆಗೆದ ಫೋಟೋ ಕಳಿಸುವುದನ್ನು ಮರೆಯಬೇಡ.

ನಿನ್ನ ಗೆಳೆಯ