ಜೈಲಿನ ಸಂದರ್ಶಕರ ಪುಸ್ತಕವನ್ನು ಓದುವವರು ಬೇಕು

ಮಾನ್ಯ ಸಂಪಾದಕರೇ,

ಪರಪ್ಪನ ಅಗ್ರಹಾರದ ಜೈಲಿನಿಂದ ಒಂದು ಫೋಟೊ ಹೊರಬಿದ್ದರೆ ಸಾಕು, ವಾರಗಟ್ಟಲೆ ಅದೇ ಮಾತು. 2017ರಲ್ಲಿ ಆಗಿನ ಕಾರಾಗೃಹ ಡಿಐಜಿ ರೂಪಾ ಅವರು ವರದಿ ಕೊಟ್ಟಾಗಲೂ, 2024ರಲ್ಲಿ ನಟರೊಬ್ಬರ ಫೋಟೊ ಓಡಾಡಿದಾಗಲೂ ನಾವೆಲ್ಲ ಚರ್ಚಿಸಿದ್ದು ದುಡ್ಡಿದ್ದವರಿಗೆ ಒಳಗೆ ಏನೇನು ಸಿಗುತ್ತದೆ ಎಂಬುದನ್ನೇ. ಏನೂ ಸಿಗದವರ ಬಗ್ಗೆ ನಾಲ್ಕು ಮಾತು ಬರೆಯಲು ದಯವಿಟ್ಟು ಜಾಗ ಕೊಡಿ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಆಮೇಲೆ ಎರಡು ವರ್ಷ ಒಂದು ಜಿಲ್ಲಾ ಕಾರಾಗೃಹಕ್ಕೆ ಅಧಿಕಾರೇತರ ಸಂದರ್ಶಕಿಯಾಗಿದ್ದೆ, ಅಂದರೆ ಅಧಿಕಾರಿಯಲ್ಲದಿದ್ದರೂ ಜೈಲಿಗೆ ಹೋಗಿ ಒಳಗಿನ ಸ್ಥಿತಿ ನೋಡಿ ಸಂದರ್ಶಕರ ಪುಸ್ತಕದಲ್ಲಿ ಬರೆಯಲು ನೇಮಕಗೊಂಡವಳು. ಯಾವ ಜಿಲ್ಲೆ ಎಂದು ಬರೆಯುವುದಿಲ್ಲ. ಅಲ್ಲಿನ ಸಿಬ್ಬಂದಿ ಕೆಟ್ಟವರಲ್ಲ, ಅವರಿಗೆ ತೊಂದರೆಯಾಗುವುದು ನನಗೆ ಬೇಕಿಲ್ಲ.

ನಾನು ಹೋಗುವ ದಿನ ಮೊದಲೇ ಗೊತ್ತಿರುತ್ತಿತ್ತು. ಗೇಟು ದಾಟುತ್ತಲೇ ಬ್ಲೀಚಿಂಗ್ ಪೌಡರಿನ ಘಾಟು. ಮಹಿಳೆಯರ ಬ್ಯಾರಕ್ಕಿನಲ್ಲಿ ಚಾಪೆಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಸೂಪರಿಂಟೆಂಡೆಂಟರು ಪಕ್ಕದಲ್ಲೇ ನಿಂತು 'ಏನಾದರೂ ತೊಂದರೆ ಇದ್ದರೆ ಮೇಡಂ ಹತ್ತಿರ ಹೇಳ್ರಮ್ಮ' ಅನ್ನುತ್ತಿದ್ದರು. ಅವರ ಎದುರಿಗೆ ಯಾರು ಬಾಯಿ ಬಿಡುತ್ತಾರೆ?

ಮೂರನೇ ಭೇಟಿಯಲ್ಲಿ ಒಬ್ಬಾಕೆ ಕಣ್ಣಲ್ಲೇ ಶೌಚಾಲಯದ ಕಡೆ ತೋರಿಸಿದಳು. ಹೋಗಿ ನೋಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಚಿಲಕ ಇರಬೇಕಾದ ಜಾಗದ ತೂತಿಗೆ ಹಳೇ ಸೀರೆಯ ಅಂಚು ಹರಿದು ಪೋಣಿಸಿದ್ದರು. ಒಳಗೆ ಕೂತವರು ಅದನ್ನು ಕೈಯಲ್ಲಿ ಎಳೆದು ಹಿಡಿದುಕೊಂಡೇ ಇರಬೇಕು. ಎಷ್ಟು ಕೈ ಹಿಡಿದಿತ್ತೋ, ಆ ಬಟ್ಟೆ ಹಗ್ಗದ ಹಾಗೆ ಹುರಿಗೊಂಡು ಕಪ್ಪಾಗಿತ್ತು.

ಸಂದರ್ಶಕರ ಪುಸ್ತಕದಲ್ಲಿ ಬರೆದೆ. ಮುಂದಿನ ಸಲ ನೋಡಿದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಗಮನಿಸಲಾಗಿದೆ' ಎಂದಿತ್ತು. ಮತ್ತೆ ಬರೆದೆ, ಮತ್ತೆ 'ಗಮನಿಸಲಾಗಿದೆ'. ಮೂರನೆಯ ಸಲ ಸೂಪರಿಂಟೆಂಡೆಂಟರನ್ನೇ ಕೇಳಿದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ: 'ಚಿಲಕ ಹಾಕಿಸಿದ ಮೇಲೆ ಯಾರಾದರೂ ಒಳಗೆ ಹೋಗಿ ಏನಾದರೂ ಮಾಡಿಕೊಂಡರೆ ಹೊಣೆ ಯಾರು ಮೇಡಂ? ಮೇಲಿನಿಂದ ಬರವಣಿಗೆಯಲ್ಲಿ ಬರಲಿ, ನಾಳೆಯೇ ಹಾಕಿಸ್ತೀನಿ.'

ಮೇಲಿನಿಂದ ಬರವಣಿಗೆಯಲ್ಲಿ ಕೊಡುವವರು ಯಾರು? ಒಳಗಿನಿಂದ ಹಾಕಿಕೊಳ್ಳುವಂಥ, ತುರ್ತಿನಲ್ಲಿ ಹೊರಗಿನಿಂದ ತೆಗೆಯುವಂಥ ಚಿಲಕ ಇರಲಿ ಎಂದು ಯೋಚಿಸಿ, ರಾಜ್ಯದ ಎಲ್ಲ ಜೈಲುಗಳಿಗೂ ಅನ್ವಯಿಸುವಂತೆ ಬರೆದು, ಆಗಿದೆಯೇ ಎಂದು ಹೋಗಿ ನೋಡುವವರು ಯಾರು? ಎರಡು ವರ್ಷ ಹುಡುಕಿದೆ. ಅಂಥ ಒಂದು ಕುರ್ಚಿ ನನಗೆ ಸಿಗಲಿಲ್ಲ.

ಕಾನೂನು ಓದಿದ ನನ್ನ ಶಿಷ್ಯೆಯೊಬ್ಬಳು ಇಂಗ್ಲೆಂಡಿನ ಕಾರಾಗೃಹ ತಪಾಸಣಾ ಸಂಸ್ಥೆಯ ವರದಿಗಳನ್ನು ಪ್ರಿಂಟ್ ಹಾಕಿಸಿ ತಂದುಕೊಟ್ಟಳು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳನ್ನು ನೋಡುವ ಈ ಸಂಸ್ಥೆ 1981ರಿಂದ ಇದೆ. ಜೈಲು ನಡೆಸುವ ಇಲಾಖೆಯ ಮಾತಿನಂತೆ ಅದು ನಡೆಯಬೇಕಿಲ್ಲ. ಅವರು ಬಹುಪಾಲು ಹೇಳದೇ ಕೇಳದೇ ಬರುತ್ತಾರೆ. ಬೀಗದಕೈ ಅವರ ಕೈಯಲ್ಲೇ ಇರುತ್ತದೆ. ಕೈದಿಗಳು ಹೆಸರು ಬರೆಯದೆ ಗುಟ್ಟಾಗಿ ಉತ್ತರಿಸಲು ಪ್ರಶ್ನಾವಳಿ ಹಂಚುತ್ತಾರೆ. 1995ರ ಡಿಸೆಂಬರಿನಲ್ಲಿ ಮುಖ್ಯ ತಪಾಸಕರಾಗಿದ್ದ ಡೇವಿಡ್ ರಾಮ್ಸ್‌ಬಾಟಮ್ ಲಂಡನ್ನಿನ ಹಾಲೊವೇ ಮಹಿಳಾ ಜೈಲಿನ ದುಃಸ್ಥಿತಿ ನೋಡಿ ತಪಾಸಣೆಯನ್ನು ಅರ್ಧಕ್ಕೇ ನಿಲ್ಲಿಸಿ ತಂಡದೊಂದಿಗೆ ಹೊರಬಂದರು. ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ಸೀರೆಯಂಚು.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಹೊರನಡೆದ ಪ್ರಸಂಗವಲ್ಲ, ಆ ಸಂಸ್ಥೆಯ ಕಚೇರಿಯಲ್ಲಿ ಕೂತು ನೀತಿ ರೂಪಿಸುವವರ ಕೆಲಸ. ಒಳ್ಳೆಯ ಜೈಲು ಎಂದರೆ ಹೇಗಿರಬೇಕು ಎಂಬ ಮಾನದಂಡವನ್ನು ಇಲಾಖೆಯ ನಿಯಮ ನೋಡಿ ನಕಲು ಮಾಡದೆ, ಮಾನವ ಹಕ್ಕುಗಳನ್ನು ಆಧಾರವಾಗಿಟ್ಟುಕೊಂಡು ಸಂಸ್ಥೆಯೇ ಬರೆಯುತ್ತದೆ. ಮಹಿಳಾ ಜೈಲುಗಳಿಗೆ ಬೇರೆಯದೇ ಮಾನದಂಡ. ನೋಡುವುದು ನಾಲ್ಕು ವಿಷಯ: ಒಳಗಿರುವವರು ಸುರಕ್ಷಿತರೇ, ಅವರನ್ನು ಗೌರವದಿಂದ ಕಾಣಲಾಗುತ್ತಿದೆಯೇ, ದಿನವಿಡೀ ಅವರಿಗೆ ಪ್ರಯೋಜನವಾಗುವ ಕೆಲಸವೋ ಕಲಿಕೆಯೋ ಇದೆಯೇ, ಬಿಡುಗಡೆಗೆ ಅವರನ್ನು ತಯಾರು ಮಾಡಲಾಗುತ್ತಿದೆಯೇ. ಶೌಚಾಲಯಕ್ಕೆ ಮರೆ ಇದೆಯೇ ಎಂಬ ಪ್ರಶ್ನೆ ಗೌರವದ ಪುಟದಲ್ಲಿ ಬರುತ್ತದೆ. ಯಾರೋ ಸಂದರ್ಶಕಿ ಪುಸ್ತಕದಲ್ಲಿ ಬೇಡಿಕೊಂಡ ಉಪಕಾರವಾಗಿ ಅಲ್ಲ.

ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಜೈಲುಗಳೂ ಕಿಕ್ಕಿರಿದಿವೆ, ಎಷ್ಟೋ ಶಿಫಾರಸುಗಳು ಹಾಗೇ ಉಳಿಯುತ್ತವೆ. ಆದರೆ ವರದಿ ಎಲ್ಲರಿಗೂ ಓದಲು ಸಿಗುತ್ತದೆ. 2017ರ ಕೊನೆಯಿಂದ ಇನ್ನೊಂದು ಏರ್ಪಾಡು ಬಂದಿದೆ: ಜೈಲಿನ ಸ್ಥಿತಿ ತೀರಾ ಕೆಟ್ಟಿದ್ದರೆ ಮುಖ್ಯ ತಪಾಸಕರು ಸಚಿವರಿಗೆ ತುರ್ತು ಪತ್ರ ಬರೆಯುತ್ತಾರೆ, ಸಚಿವರು 28 ದಿನದೊಳಗೆ ಬಹಿರಂಗವಾಗಿ ಉತ್ತರ ಕೊಡಬೇಕು. 2019ರಿಂದ ಕೆಲವು ಜೈಲುಗಳಿಗೆ ತಿಂಗಳುಗಳ ನಂತರ ಮತ್ತೆ ಹೋಗಿ, ಹೇಳಿದ್ದು ಎಷ್ಟು ಆಗಿದೆ ಎಂದು ಅಳೆದು, ಅದನ್ನೂ ಪ್ರಕಟಿಸುತ್ತಾರೆ. 'ಗಮನಿಸಲಾಗಿದೆ' ಎಂದು ಬರೆದು ಮುಚ್ಚಿಡಲು ಆಗುವುದಿಲ್ಲ.

ನಮ್ಮಲ್ಲಿ ತೀರ್ಪುಗಳಿಗೆ ಬರವಿಲ್ಲ. 1979ರಲ್ಲೇ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಪತ್ರವನ್ನು ಅರ್ಜಿಯಾಗಿ ಎತ್ತಿಕೊಂಡು, ನ್ಯಾಯಾಧೀಶರು ಜೈಲುಗಳಿಗೆ ಹೋಗಿ ಕೈದಿಗಳ ದೂರು ಕೇಳಬೇಕು ಎಂದಿತು ಸುಪ್ರೀಂ ಕೋರ್ಟ್. ಪೊಲೀಸ್ ವಶದಲ್ಲಿನ ಹಿಂಸೆ ಕುರಿತ ಡಿ.ಕೆ. ಬಸು ಪ್ರಕರಣದ 2015ರ ಆದೇಶದಲ್ಲಿ ನನ್ನಂಥ ಅಧಿಕಾರೇತರ ಸಂದರ್ಶಕರ ಪ್ರಸ್ತಾಪವೂ ಇದೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ನಮ್ಮ ಜೈಲುಗಳಲ್ಲಿರುವವರಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಮೂವರು ವಿಚಾರಣಾಧೀನರು. ಅಂದರೆ ತಪ್ಪಿತಸ್ಥರೆಂದು ಯಾವ ಕೋರ್ಟೂ ಇನ್ನೂ ಹೇಳದವರು.

ನಮ್ಮ ಸರ್ಕಾರವನ್ನು ನಾನು ಕೇಳುವುದು ಇನ್ನೊಂದು ಸಮಿತಿಯನ್ನಲ್ಲ. ಕಾರಾಗೃಹ ಇಲಾಖೆಗೂ ಗೃಹ ಇಲಾಖೆಗೂ ಸೇರದ, ವಿಧಾನಮಂಡಲಕ್ಕೆ ನೇರವಾಗಿ ವರದಿ ಕೊಡುವ ಒಂದು ಕಾಯಂ ತಪಾಸಣಾ ಸಂಸ್ಥೆ ಬೇಕು. ಅದರಲ್ಲಿ ಜೈಲು ನೋಡಿ ಬರುವವರಷ್ಟೇ ಅಲ್ಲ, ಎಲ್ಲ ಜಿಲ್ಲೆಗಳ ಸಂದರ್ಶಕರ ಪುಸ್ತಕಗಳನ್ನು ಮುಂದಿಟ್ಟುಕೊಂಡು ಓದಿ, ಮಾನದಂಡ ಬರೆದು, ಉತ್ತರ ಬರುವವರೆಗೆ ಬೆನ್ನು ಬಿಡದ ನೀತಿ ವಿಭಾಗವೂ ಇರಬೇಕು. ಅದರ ಮುಖ್ಯಸ್ಥರು ನಿವೃತ್ತ ಪೊಲೀಸ್ ಅಧಿಕಾರಿಯೇ ಆಗಬೇಕಿಲ್ಲ. ಜೈಲಿನಲ್ಲಿ ಕೆಲಸ ಮಾಡಿದ ನರ್ಸ್ ಆಗಬಹುದು, ಕಾನೂನು ನೆರವು ಕೊಡುವ ವಕೀಲೆ ಆಗಬಹುದು, ಜೈಲಿನಲ್ಲಿದ್ದು ಬಂದವರನ್ನೂ ಕೂರಿಸಿಕೊಂಡು ಕೇಳುವ ತಾಳ್ಮೆ ಇರುವವರಾಗಬೇಕು.

ನನ್ನ ಅವಧಿ ಮುಗಿದು ಒಂದು ವರ್ಷ ದಾಟಿತು. ಆ ಬಾಗಿಲಿಗೆ ಚಿಲಕ ಬಂತೋ, ಸೀರೆಯಂಚೇ ಇದೆಯೋ, ಒಳಗೆ ಹೋಗಿ ನೋಡುವ ಅಧಿಕಾರ ಈಗ ನನಗಿಲ್ಲ.

ಇತಿ,
ನಿವೃತ್ತ ಶಿಕ್ಷಕಿ, ಮಾಜಿ ಅಧಿಕಾರೇತರ ಸಂದರ್ಶಕಿ
(ಹೆಸರು, ವಿಳಾಸ ಪ್ರಕಟಿಸಬೇಡಿ ಎಂದು ವಿನಂತಿ)